ಹೆಬ್ಬೆರಳ ಗಂಟಿಗೆ ಆಪರೇಷನ್: ಮೂವರು ಡಾಕ್ಟರು ಮೂರು ದಾರಿ ಹೇಳುತ್ತಿದ್ದಾರೆ, ಯಾವುದನ್ನು ಆರಿಸಲಿ?

ತೀರ್ಥಹಳ್ಳಿ_ಟೀಚರ್
ಜನವರಿ 11, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಓದಿ.

ನನಗೆ 51 ವರ್ಷ. ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ದಿನಕ್ಕೆ ಆರು ಪೀರಿಯಡ್, ಆರೂ ನಿಂತೇ. ಎರಡೂ ಕಾಲಿನ ಹೆಬ್ಬೆರಳಿನ ಬುಡದಲ್ಲಿ ಗಂಟು ಇದೆ. ಡಾಕ್ಟರು ಬನಿಯನ್ ಅನ್ನುತ್ತಾರೆ. ಅಮ್ಮನಿಗೂ ಇತ್ತು, ಚಿಕ್ಕಮ್ಮನಿಗೂ ಇದೆ. ಎಡಗಾಲು ಅಷ್ಟೇನೂ ಕಾಡುವುದಿಲ್ಲ. ಬಲಗಾಲು ಮಾತ್ರ ಎರಡು ವರ್ಷದಿಂದ ಜೀವ ಹಿಂಡುತ್ತಿದೆ.

ಹೆಬ್ಬೆರಳು ವಾಲಿಕೊಂಡು ಪಕ್ಕದ ಬೆರಳಿನ ಅಡಿಗೆ ಹೋಗಿದೆ. ಆ ಬೆರಳು ಮೇಲೆದ್ದು ಚಪ್ಪಲಿ ಪಟ್ಟಿಗೆ ಉಜ್ಜುತ್ತದೆ. ಕಾಲುಂಗುರ ಬಿಗಿಯಾಗಿ ಬೆರಳು ಕೆಂಪಾಗಿ ಊದಿತ್ತು. ಸೋಪು ಹಚ್ಚಿ, ಎಣ್ಣೆ ಹಚ್ಚಿ, ಕೊನೆಗೆ ಅಕ್ಕಸಾಲಿಗರ ಹತ್ತಿರ ಕತ್ತರಿಸಿಯೇ ತೆಗೆಸಬೇಕಾಯಿತು. ಈಗ ಅದು ದೇವರ ಮನೆಯ ಕುಂಕುಮದ ಡಬ್ಬಿಯಲ್ಲಿದೆ. ಎರಡನೇ ಬೆರಳಿನ ಬುಡಕ್ಕೆ, ಅಂಗಾಲಿನಲ್ಲಿ ಗಟ್ಟಿಯಾಗಿ ಜಡ್ಡುಗಟ್ಟಿದೆ. ಬರಿಗಾಲಲ್ಲಿ ಅಡುಗೆಮನೆಯಲ್ಲಿ ನಿಂತರೆ ಕಲ್ಲು ತುಳಿದ ಹಾಗಾಗುತ್ತದೆ.

ಅಗಲದ ಚಪ್ಪಲಿ, ಬೆರಳ ಸಂದಿಗೆ ಸಿಲಿಕೋನ್, ರಾತ್ರಿ ಕಟ್ಟುವ ಪಟ್ಟಿ, ಎಲ್ಲಾ ಮಾಡಿದೆ. ಹಾಕಿಕೊಂಡಷ್ಟು ಹೊತ್ತು ಹಾಯ್ ಅನ್ನಿಸುತ್ತದೆ, ಅಷ್ಟೇ.

ಮೂವರು ಡಾಕ್ಟರನ್ನು ಕಂಡೆ. ಶಿವಮೊಗ್ಗದವರು "ಸ್ಕಾರ್ಫ್ ಮತ್ತು ಏಕಿನ್ ಮಾಡೋಣ" ಎಂದರು, ಮೂಳೆ ಕಡಿದು ನೇರ ಮಾಡುವುದಂತೆ. ಬೆಂಗಳೂರಿನವರು ಸಣ್ಣ ತೂತುಗಳಲ್ಲೇ ಮುಗಿಸುತ್ತೇನೆ, ದೊಡ್ಡ ಗಾಯ ಇರುವುದಿಲ್ಲ, ಮರುದಿನವೇ ಎದ್ದು ನಡೆಯಬಹುದು ಎಂದರು. ಮಂಗಳೂರಿನವರು ಲ್ಯಾಪಿಡಸ್, ಅಂದರೆ ಪಾದದೊಳಗಿನ ಒಂದು ಕೀಲು ಬೆಸೆಯುವುದು, ಅದನ್ನು ಮಾಡಿದರೆ ಮತ್ತೆ ಬರುವ ಭಯ ಕಡಿಮೆ ಎಂದರು. ಮೂವರೂ ಒಳ್ಳೆಯ ಡಾಕ್ಟರೇ. ಅದಕ್ಕೇ ತಲೆ ಕೆಟ್ಟಿದೆ. ಮೊದಲ ಎಕ್ಸ್‌ರೇಯಲ್ಲಿ ಕೋನ 26 ಡಿಗ್ರಿ ಇತ್ತು, ಎರಡನೆಯದರಲ್ಲಿ 34. ಮೂರು ತಿಂಗಳಲ್ಲಿ ಅಷ್ಟು ಜಾಸ್ತಿ ಆಗುತ್ತದಾ? ಇನ್ನೊಂದು ಕೋನ 14 ಎಂದು ಬರೆದಿದ್ದಾರೆ.

ಮಾಡಿಸಿಕೊಂಡವರು ಇದ್ದರೆ ಹೇಳಿ.

---

ಫಿಸಿಯೋ_ಮೈಸೂರು
ಜನವರಿ 11, ರಾತ್ರಿ 10:55

ಮೇಡಂ, ಮೊದಲು ಒಂದು ಪ್ರಶ್ನೆ. 26 ಬಂದ ಎಕ್ಸ್‌ರೇ ಮಲಗಿಸಿ ತೆಗೆದಿದ್ದಾ, ನಿಲ್ಲಿಸಿ ತೆಗೆದಿದ್ದಾ?

---

ತೀರ್ಥಹಳ್ಳಿ_ಟೀಚರ್
ಜನವರಿ 12, ಬೆಳಿಗ್ಗೆ 6:15

ಹೌದು ಸರ್, ಮೊದಲನೆಯದು ಮಲಗಿಸಿ. ಬೆಂಗಳೂರಿನಲ್ಲಿ ಒಂದು ಮಣೆ ಮೇಲೆ ನಿಲ್ಲಿಸಿದ್ದರು.

---

ಫಿಸಿಯೋ_ಮೈಸೂರು
ಜನವರಿ 12, ಬೆಳಿಗ್ಗೆ 8:30

ಹಾಗಿದ್ದರೆ ಮೊದಲನೆಯದನ್ನು ಪಕ್ಕಕ್ಕಿಡಿ. ಮೈಭಾರ ಬಿದ್ದಾಗ ಪಾದ ಹರಡುತ್ತದೆ, ಆಗಲೇ ನಿಜವಾದ ಕೋನ ಕಾಣುವುದು. ಮೂರು ತಿಂಗಳಲ್ಲಿ ಜಾಸ್ತಿ ಆಗಿಲ್ಲ, ಮೊದಲ ಸಲ ಅಳೆದದ್ದೇ ಸರಿಯಿಲ್ಲ. ಯಾರೇ ಆಗಲಿ, ಮಲಗಿ ತೆಗೆಸಿದ ಎಕ್ಸ್‌ರೇ ನೋಡಿ ಆಪರೇಷನ್ ಆರಿಸಬಾರದು.

34 ಅನ್ನುವುದು ಹೆಬ್ಬೆರಳು ಎಷ್ಟು ವಾಲಿದೆ ಎಂಬ ಲೆಕ್ಕ. 15ರ ಒಳಗಿದ್ದರೆ ಸಹಜ, 40 ದಾಟಿದರೆ ತೀವ್ರ. 14 ಅನ್ನುವುದು ಹೆಬ್ಬೆರಳಿನ ಹಿಂದಿನ ಉದ್ದ ಮೂಳೆ ಪಕ್ಕದ ಮೂಳೆಯಿಂದ ಎಷ್ಟು ದೂರ ಸರಿದಿದೆ ಎಂಬ ಲೆಕ್ಕ. 9ರ ಒಳಗೆ ಸಹಜ, 16ರ ಮೇಲೆ ತೀವ್ರ. ನಿಮ್ಮದು ಎರಡೂ ಮಧ್ಯಮ. ಅದಕ್ಕೇ ಮೂವರು ಮೂರು ಹೇಳಿದ್ದಾರೆ. ತೀರಾ ಸಣ್ಣದಾಗಿದ್ದರೂ ತೀರಾ ದೊಡ್ಡದಾಗಿದ್ದರೂ ಆಯ್ಕೆ ಇಷ್ಟು ಇರುತ್ತಿರಲಿಲ್ಲ.

ಹೊರಗೆ ಕಾಣುವ ಗಂಟು ಹೊಸದಾಗಿ ಬೆಳೆದ ಮೂಳೆ ಎಂದು ತುಂಬಾ ಜನ ತಿಳಿದಿದ್ದಾರೆ. ಬಹುಪಾಲು ಅದು ಹಾಗಲ್ಲ. ಉದ್ದ ಮೂಳೆಯೇ ಒಳಮಗ್ಗುಲಿಗೆ ಸರಿದು ಅದರ ತಲೆ ಹೊರಗೆ ಕಾಣುತ್ತಿರುತ್ತದೆ. ಪಟ್ಟಿ ಕಟ್ಟಿದರೆ ಬೆರಳು ಸ್ವಲ್ಪ ಹೊತ್ತು ನೇರ ನಿಲ್ಲಬಹುದು, ಮೂಳೆ ಜಾಗಕ್ಕೆ ಬರುವುದಿಲ್ಲ.

ಅಂಗಾಲಿನ ಜಡ್ಡಿನ ವಿಷಯ ಡಾಕ್ಟರಿಗೆ ಒತ್ತಿ ಹೇಳಿ. ಹೆಬ್ಬೆರಳು ತನ್ನ ಪಾಲಿನ ಭಾರ ಹೊರುತ್ತಿಲ್ಲ, ಪಕ್ಕದ್ದಕ್ಕೆ ದಾಟಿಸುತ್ತಿದೆ ಎಂದು ಅದರ ಅರ್ಥ.

---

ಹುಬ್ಬಳ್ಳಿ_ಅಕ್ಕ
ಜನವರಿ 12, ಮಧ್ಯಾಹ್ನ 1:20

ತಂಗಿ, ನನ್ನ ಕಥೆ ಕೇಳು. ಹನ್ನೊಂದು ವರ್ಷದ ಹಿಂದೆ ಒಂದು ಆಸ್ಪತ್ರೆಯಲ್ಲಿ "ಗಂಟು ಕೆತ್ತಿ ತೆಗೆದರೆ ಆಯಿತು, ಮೂರು ದಿನಕ್ಕೆ ಮನೆಗೆ ಹೋಗಬಹುದು" ಎಂದರು. ಕೆತ್ತಿದರು. ಒಂದು ವರ್ಷ ಪಾದ ನೋಡಿ ನೋಡಿ ಖುಷಿಪಟ್ಟೆ. ಮೂರನೇ ವರ್ಷಕ್ಕೆ ಬೆರಳು ಮತ್ತೆ ವಾಲಿತು, ಮೊದಲಿಗಿಂತ ಜಾಸ್ತಿ. ಗಾಯದ ಗುರುತಿನ ಪಕ್ಕ ಇವತ್ತಿಗೂ ಜೋಮು, ಮುಟ್ಟಿದರೆ ಗೊತ್ತಾಗುವುದಿಲ್ಲ.

ಎರಡನೇ ಸಲ ಮಾಡಿದ ಡಾಕ್ಟರು ಎಕ್ಸ್‌ರೇ ತೋರಿಸಿ ಹೇಳಿದರು, ಗೋಡೆ ವಾಲಿದ್ದಾಗ ಗಾರೆ ಕೆರೆದರೆ ಗೋಡೆ ನೆಟ್ಟಗಾಗುತ್ತದಾ ಅಂತ. ಆ ಮಾತು ನನಗೆ ಹನ್ನೊಂದು ವರ್ಷ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ನೋವು ತಪ್ಪುತ್ತಿತ್ತು. ನಿನಗೆ ಹೇಳಿದ ಮೂರರಲ್ಲೂ ಮೂಳೆ ಸರಿಸುವುದಿದೆ. ಅಷ್ಟು ಮಟ್ಟಿಗೆ ನೀನು ಸರಿಯಾದವರ ಹತ್ತಿರವೇ ಹೋಗಿದ್ದೀಯ.

---

ಬಡಗಿ_ಮಗ
ಜನವರಿ 12, ಸಂಜೆ 7:05

ನಾನು ಡಾಕ್ಟರಲ್ಲ. ಹೆಂಡತಿಗೆ ಮಾಡಿಸುವಾಗ ಕೂತು ಅರ್ಥ ಮಾಡಿಕೊಂಡದ್ದನ್ನು ಹೇಳುತ್ತೇನೆ.

ಸ್ಕಾರ್ಫ್ ಅಂದರೆ ಕುತ್ತಿಗೆಗೆ ಸುತ್ತುವ ಬಟ್ಟೆ ಅಲ್ಲ. ಅದು ಮರಗೆಲಸದ ಮಾತು. ಎರಡು ತೊಲೆಗಳನ್ನು ಉದ್ದಕ್ಕೆ ಕೂಡಿಸುವಾಗ ತುದಿಗಳನ್ನು ಮೆಟ್ಟಿಲಿನ ಹಾಗೆ ಕಡಿದು ಒಂದರ ಮೇಲೊಂದು ಕೂರಿಸುತ್ತಾರೆ. ಅಪ್ಪ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಪಾದದ ಉದ್ದ ಮೂಳೆಯನ್ನೂ ಹೀಗೇ ಮೆಟ್ಟಿಲಿನಂತೆ ಉದ್ದಕ್ಕೆ ಸೀಳಿ, ಕೆಳಗಿನ ಭಾಗವನ್ನು ಪಕ್ಕಕ್ಕೆ ಸರಿಸಿ, ಎರಡು ಸ್ಕ್ರೂ ಹಾಕುತ್ತಾರೆ. ಮೂಳೆಗೆ ಮೂಳೆ ಉದ್ದಕ್ಕೂ ಒತ್ತಿ ಕೂರುವುದರಿಂದ ಜೋಡಣೆ ಗಟ್ಟಿ.

ಶೆವ್ರಾನ್ ಅಂತ ಇನ್ನೊಂದಿದೆ. ಹೆಡ್ ಕಾನ್ಸ್‌ಟೇಬಲ್ ತೋಳಿನ ಪಟ್ಟಿ ಇರುತ್ತದಲ್ಲ, ಆ ಆಕಾರದ ಕಡಿತ. ಬೆರಳಿನ ಹತ್ತಿರ, ಮೂಳೆಯ ತಲೆಯಲ್ಲಿ ಮಾಡುತ್ತಾರೆ. ಏಕಿನ್ ಅಂದರೆ ಹೆಬ್ಬೆರಳಿನ ಮೂಳೆಯಿಂದಲೇ ಒಂದು ಸಣ್ಣ ಬೆಣೆಯಷ್ಟು ತೆಗೆದು ಬೆರಳನ್ನು ನೇರ ಮಾಡುವುದು. ಅದನ್ನು ಬಹಳ ಸಲ ಬೇರೆ ಆಪರೇಷನ್ ಜೊತೆ ಸೇರಿಸಿ ಮಾಡುತ್ತಾರೆ. ಏಕಿನ್ ಎಂಬ ಡಾಕ್ಟರು 1925ರಲ್ಲಿ ಬರೆದದ್ದು ಅದು.

ಲ್ಯಾಪಿಡಸ್ ಬೇರೆ ಜಾತಿ. ನ್ಯೂಯಾರ್ಕಿನ ಪಾಲ್ ಲ್ಯಾಪಿಡಸ್ 1934ರಲ್ಲಿ ವಿವರಿಸಿದ್ದು. ಇಲ್ಲಿ ಮೂಳೆಯನ್ನು ಮಧ್ಯದಲ್ಲಿ ಕಡಿಯುವುದಿಲ್ಲ. ಬುಡಕ್ಕೇ ಹೋಗುತ್ತಾರೆ. ಪಾದದ ನಡುವೆ ಆ ಉದ್ದ ಮೂಳೆ ಶುರುವಾಗುವ ಕೀಲನ್ನು ಸರಿಪಡಿಸಿ, ಬೆಸೆದುಬಿಡುತ್ತಾರೆ. ಗೂಟ ಸಡಿಲವಾಗಿ ಬೇಲಿ ವಾಲಿದ್ದರೆ ಗೂಟವನ್ನೇ ಭದ್ರ ಮಾಡಬೇಕು, ಹಾಗೆ. ಆದರೆ ಗೂಟ ಗಟ್ಟಿಯಾಗಿಯೇ ಇದ್ದರೆ ಅಷ್ಟು ಆಳಕ್ಕೆ ಹೋಗಬೇಕಾ ಅನ್ನುವುದು ಪ್ರಶ್ನೆ.

ಸಣ್ಣ ತೂತಿನದು ಹೊಸ ಬಗೆಯ ಕಡಿತವಲ್ಲ. ಶೆವ್ರಾನ್, ಏಕಿನ್ ಎರಡನ್ನೂ ಮೂರು ನಾಲ್ಕು ಮಿಲಿಮೀಟರ್ ತೂತುಗಳಿಂದ, ಸಣ್ಣ ಡ್ರಿಲ್ಲಿನ ಹಾಗಿರುವ ಉಪಕರಣದಿಂದ, ಎಕ್ಸ್‌ರೇ ಪರದೆ ನೋಡುತ್ತಾ ಮಾಡುವುದು.

---

ಫಿಸಿಯೋ_ಮೈಸೂರು
ಜನವರಿ 12, ರಾತ್ರಿ 9:10

ಚೆನ್ನಾಗಿ ಹೇಳಿದಿರಿ ಸರ್. ಗೂಟ ಸಡಿಲವಿದೆಯಾ ಎಂದು ನೋಡುವುದು ಕೈಯಿಂದ. ಡಾಕ್ಟರು ಒಂದು ಕೈಯಲ್ಲಿ ಉಳಿದ ಮೂಳೆಗಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ಹೆಬ್ಬೆರಳಿನ ಉದ್ದ ಮೂಳೆಯನ್ನು ಮೇಲೆ ಕೆಳಗೆ ಆಡಿಸುತ್ತಾರೆ. ಮೇಡಂ, ಮೂವರಲ್ಲಿ ಯಾರು ಹಾಗೆ ಮಾಡಿದರು ನೆನಪಿದೆಯಾ?

---

ತೀರ್ಥಹಳ್ಳಿ_ಟೀಚರ್
ಜನವರಿ 12, ರಾತ್ರಿ 9:45

ಮಂಗಳೂರಿನವರು ಮಾಡಿದರು, "ಸ್ವಲ್ಪ ಸಡಿಲ ಇರಬಹುದು" ಎಂದರು. ಶಿವಮೊಗ್ಗದವರು ಮಾಡಿದ ಹಾಗೆ ನೆನಪಿಲ್ಲ. ಇನ್ನೊಮ್ಮೆ ಹೋಗಿ ಕೇಳುತ್ತೇನೆ.

---

ಜಯನಗರ_4ನೇ_ಬ್ಲಾಕ್
ಜನವರಿ 13, ಬೆಳಿಗ್ಗೆ 11:30

ನಾನು 2022ರಲ್ಲಿ ಬಲಗಾಲಿಗೆ ಸ್ಕಾರ್ಫ್, ಏಕಿನ್ ಮಾಡಿಸಿಕೊಂಡೆ. ಆಗ 48. ಖುಷಿಯಾಗಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಮೊದಲ ಆರು ವಾರ ಹೇಗಿರುತ್ತದೆ ಎಂದು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

"ಮರುದಿನ ನಡೆಯಬಹುದು" ಅನ್ನುವುದು ಸುಳ್ಳಲ್ಲ. ನನಗೂ ಮರುದಿನ ನಡೆಸಿದರು. ಆದರೆ ಅದು ಬಾತ್‌ರೂಮಿಗೆ ಹೋಗಿ ಬರುವ ನಡಿಗೆ. ದಪ್ಪ ಅಡಿಯ, ಮುಂದೆ ಬಗ್ಗದ ಒಂದು ಚಪ್ಪಲಿ ಕೊಡುತ್ತಾರೆ. ಹಿಮ್ಮಡಿ ಮೇಲೆ ಭಾರ ಹಾಕಿ, ವಾಕರ್ ಹಿಡಿದು ಹೋಗಬೇಕು. ಉಳಿದ ಹೊತ್ತೆಲ್ಲಾ ಕಾಲು ಎದೆಮಟ್ಟಕ್ಕಿಂತ ಮೇಲೆ. ಎರಡು ದಿಂಬು ಸಾಲುವುದಿಲ್ಲ, ನಾನು ಹಾಸಿಗೆಯ ಕೆಳಗೇ ಮಡಿಸಿದ ಕಂಬಳಿ ಇಟ್ಟಿದ್ದೆ. ಕಾಲು ಐದು ನಿಮಿಷ ಕೆಳಗಿಳಿಬಿಟ್ಟರೆ ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗುತ್ತಿದ್ದವು, ಒಳಗೆ ಧಿಗಿಧಿಗಿ ಅನ್ನುತ್ತಿತ್ತು.

ಎರಡು ವಾರಕ್ಕೆ ಹೊಲಿಗೆ ಬಿಚ್ಚಿದರು. ಅವತ್ತಿನಿಂದ ಬೆರಳು ಆಡಿಸಲು ಹೇಳಿದರು. ಇಲ್ಲಿ ನಾನು ತಪ್ಪು ಮಾಡಿದೆ. ನೋವಿಗೆ ಹೆದರಿ ಹತ್ತು ಹನ್ನೆರಡು ದಿನ ಮುಟ್ಟಲೇ ಇಲ್ಲ. ಬೆರಳು ಬಿಗಿದುಹೋಯಿತು. ಅದನ್ನು ಸಡಿಲಿಸಲು ಆಮೇಲೆ ನಾಲ್ಕು ತಿಂಗಳು ಹಿಡಿಯಿತು. ಇವತ್ತಿಗೂ ನೆಲದಲ್ಲಿ ಕೂತು ಬೆರಳು ಮಡಚಿ ಏಳುವಾಗ ಎಡಗಾಲನ್ನೇ ಊರುತ್ತೇನೆ.

ಆರು ವಾರಕ್ಕೆ ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಂಡಿತು, ಮಾಮೂಲಿ ಅಗಲದ ಶೂ ಹಾಕಿದೆ. ಬಾವು ಮಾತ್ರ ಸಂಜೆ ಸಂಜೆ ಏಳೆಂಟು ತಿಂಗಳು ಬರುತ್ತಿತ್ತು. ಬಲಗಾಲಾದ್ದರಿಂದ ಗಾಡಿ ಓಡಿಸಲು ಎರಡು ತಿಂಗಳು ಬಿಡಲಿಲ್ಲ.

---

ಸಂಪಿಗೆ_ಮನೆ
ಜನವರಿ 13, ಮಧ್ಯಾಹ್ನ 12:10

ಎರಡೂ ಕಾಲಿಗೆ ಒಟ್ಟಿಗೆ ಮಾಡಿಸಬೇಡಿ ದಯವಿಟ್ಟು. ನಮ್ಮ ಅತ್ತೆಗೆ ಒಟ್ಟಿಗೆ ಮಾಡಿಸಿದೆವು, ಒಂದೇ ಸಲಕ್ಕೆ ಮುಗಿಯಲಿ ಅಂತ. ಊರಲು ಒಂದು ಒಳ್ಳೆಯ ಕಾಲೇ ಇಲ್ಲದೆ ಅವರು ಬಾತ್‌ರೂಮಿಗೆ ಕೂತುಕೊಂಡೇ ಜರುಗುತ್ತಾ ಹೋದದ್ದು ನೆನಪಾದರೆ ಈಗಲೂ ಕಣ್ಣಲ್ಲಿ ನೀರು ಬರುತ್ತದೆ.

---

ಲೀಡ್ಸ್_ಕನ್ನಡತಿ
ಜನವರಿ 13, ರಾತ್ರಿ 11:50

ನಾನು ಇಲ್ಲಿ ನರ್ಸ್. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಬರೀ ನೋಡಲು ಚೆನ್ನಾಗಿಲ್ಲ ಎಂಬ ಕಾರಣಕ್ಕೆ ಇದನ್ನು ಮಾಡುವುದಿಲ್ಲ. ನೋವು ಇರಬೇಕು, ದಿನದ ಕೆಲಸಕ್ಕೆ ಅಡ್ಡಿ ಆಗುತ್ತಿರಬೇಕು. ಟೀಚರ್, ನಿಮಗೆ ಎರಡೂ ಇದೆ. ಆ ಬಗ್ಗೆ ಸಂಕೋಚ ಬೇಡ.

ರೋಗಿಗಳಿಗೆ ನಾವು ಹೇಳುವುದು ಇದು. ಕಡಿಮೆ ಅಂದರೂ ಎರಡು ವಾರ ಆದಷ್ಟು ಕಾಲೂರಬೇಡಿ. 6ರಿಂದ 8 ವಾರ ಗಾಡಿ ಓಡಿಸಬೇಡಿ. ಕೆಲಸಕ್ಕೆ 6ರಿಂದ 12 ವಾರ ರಜೆ. ಆಟ ಗೀಟ ಆರು ತಿಂಗಳವರೆಗೆ ಬೇಡ. ಆ 6 ಮತ್ತು 12ರ ನಡುವಿನ ವ್ಯತ್ಯಾಸ ಕೆಲಸದ ಮೇಲೆ. ಕೂತು ಮಾಡುವವರಿಗೆ 6, ನಿಂತು ಮಾಡುವವರಿಗೆ 12ರ ಹತ್ತಿರ ಎಂದಿಟ್ಟುಕೊಳ್ಳಿ.

ಲ್ಯಾಪಿಡಸ್‌ನಲ್ಲಿ ಕೀಲು ಬೆಸೆಯಬೇಕಾದ್ದರಿಂದ ಕೆಲವು ಡಾಕ್ಟರು ಆರು ವಾರ ಆ ಕಾಲಿಗೆ ಭಾರವೇ ಹಾಕಲು ಬಿಡುವುದಿಲ್ಲ. ಈಗಿನ ಪ್ಲೇಟುಗಳಿಂದ ಬೇಗ ಬಿಡುವವರೂ ಇದ್ದಾರೆ. ನಿಮ್ಮ ಡಾಕ್ಟರ ಪದ್ಧತಿ ಯಾವುದು ಎಂದು ಕೇಳಿ. ಹಾಗೇ ಶುಗರ್ ಇದೆಯಾ, ಕಾಲಿನಲ್ಲಿ ಜೋಮು ಇದೆಯಾ, ಮೊದಲು ಯಾವಾಗಲಾದರೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಇದನ್ನೆಲ್ಲ ನೀವೇ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ.

---

ತೀರ್ಥಹಳ್ಳಿ_ಟೀಚರ್
ಜನವರಿ 14, ಬೆಳಿಗ್ಗೆ 6:05

ಶುಗರ್ ಇದೆ. ಹೋದ ತಿಂಗಳು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) 7.1. ಜೋಮು ಇಲ್ಲ. ಏಪ್ರಿಲ್ ಎರಡನೇ ವಾರ ಬೇಸಿಗೆ ರಜೆ ಶುರು, ಮೇ ಕೊನೆಗೆ ಶಾಲೆ. ಏಳು ವಾರ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದೆ. 12 ವಾರ ಅಂದರೆ ಜೂನ್ ಪೂರ್ತಿ ಹೋಗುತ್ತದೆ.

---

ಲೀಡ್ಸ್_ಕನ್ನಡತಿ
ಜನವರಿ 14, ಮಧ್ಯಾಹ್ನ 3:30

7.1 ಒಳ್ಳೆಯದೇ, ಹಾಗೇ ಕಾಪಾಡಿಕೊಳ್ಳಿ. ಜೂನಿನಲ್ಲಿ ಕುರ್ಚಿ ಹಾಕಿಕೊಂಡು ಪಾಠ ಮಾಡಲು ಹೆಡ್‌ಮಾಸ್ಟರನ್ನು ಈಗಲೇ ಕೇಳಿ. ಸಂಕ್ರಾಂತಿ ಶುಭಾಶಯಗಳು, ಇಲ್ಲಿ ಎಳ್ಳು ಬೆಲ್ಲ ನಾವೇ ಹುರಿದು ಬೆರೆಸಿದೆವು.

---

ತುಮಕೂರು_ಮಗ
ಜನವರಿ 14, ರಾತ್ರಿ 8:40

ಅಮ್ಮನಿಗೆ ಸಂಧಿವಾತ. ರೂಮಟಾಯ್ಡ್. ಬೆರಳಿನ ಕೀಲೇ ಸವೆದುಹೋಗಿತ್ತು. ಅವರಿಗೆ ಮೂಳೆ ಸರಿಸುವ ಯಾವ ಆಪರೇಷನ್ನೂ ಪ್ರಯೋಜನ ಇಲ್ಲ ಎಂದು ಹೆಬ್ಬೆರಳಿನ ಕೀಲನ್ನೇ ಬೆಸೆದರು. ಬೆರಳು ಅಲ್ಲಿ ಮಡಚುವುದಿಲ್ಲ, ಆದರೆ ನೋವು ಹೋಯಿತು. ದೇವಸ್ಥಾನಕ್ಕೆ ನಡೆದು ಹೋಗುತ್ತಾರೆ. ನಿಮ್ಮ ಬೆರಳಿನ ಕೀಲು ಸವೆದಿದೆಯಾ ಎಂದೂ ಕೇಳಿ. ಮೇಲಿನ ಮೂರೂ ಕೀಲು ಚೆನ್ನಾಗಿರುವವರಿಗೆ.

---

ಗೆಜ್ಜೆ
ಜನವರಿ 15, ಬೆಳಿಗ್ಗೆ 10:15

ಇದನ್ನು ಓದುತ್ತಿರುವ ಬೇರೆಯವರಿಗಾಗಿ ಬರೆಯುತ್ತಿದ್ದೇನೆ. ನಾನು ಭರತನಾಟ್ಯ ಕಲಿಸುತ್ತೇನೆ. ನನ್ನ ಕೋನ 28. ನೋವು ಅಪರೂಪ. ಡಾಕ್ಟರು ಆಪರೇಷನ್ ಬೇಡ ಎಂದು ಕಳಿಸಿದರು. ಬೆರಳ ತುದಿಯ ಮೇಲೆ ಕೂರುವ ಮಂಡಿ ಎಂಬ ಭಂಗಿಗೆ ಹೆಬ್ಬೆರಳು ಹಿಂದಕ್ಕೆ ಪೂರ್ತಿ ಬಗ್ಗಬೇಕು. ಸ್ವಲ್ಪ ಬಿಗಿತ ಉಳಿದರೂ ನನ್ನ ಕೆಲಸ ಹೋಗುತ್ತದೆ. ಟೀಚರ್ ಕಾಲು ಬೇರೆ, ನನ್ನ ಕಾಲು ಬೇರೆ. ನೋವಿಲ್ಲದವರು ಫೋಟೋ ನೋಡಿ ಅವಸರ ಮಾಡಬೇಡಿ.

---

ಬೆಂಗಳೂರು_ಪೂರ್ವ
ಜನವರಿ 15, ಸಂಜೆ 6:20

ಸಣ್ಣ ತೂತಿನದು ಮಾಡಿಸಿಕೊಂಡವಳು ನಾನು. ಒಂದೂವರೆ ವರ್ಷ ಆಯಿತು. ಐದು ಸಣ್ಣ ಚುಕ್ಕೆ ಬಿಟ್ಟರೆ ಗುರುತೇ ಇಲ್ಲ. ಮೊದಲ ವಾರದ ನೋವು ನಾನು ಹೆದರಿದ್ದಕ್ಕಿಂತ ಕಡಿಮೆ. ಆದರೆ ಮೂಳೆ ಕೂಡಲು ನನಗೂ ಆರು ವಾರವೇ ಬೇಕಾಯಿತು. ಗಾಯ ಚಿಕ್ಕದಾದರೆ ಮೂಳೆಗೆ ಅದು ಗೊತ್ತಾಗುವುದಿಲ್ಲ. ಒಂದು ಸ್ಕ್ರೂವಿನ ತಲೆ ಚರ್ಮಕ್ಕೆ ತಾಗುತ್ತಿತ್ತು, ಹತ್ತು ತಿಂಗಳಿಗೆ ಅದನ್ನು ತೆಗೆದರು.

ನಾನು ಡಾಕ್ಟರಿಗೆ ಕೇಳಿದ ಒಂದೇ ಪ್ರಶ್ನೆ: ನೀವು ಇದನ್ನು ತಿಂಗಳಿಗೆ ಎಷ್ಟು ಮಾಡುತ್ತೀರಿ? ಕಣ್ಣಿಗೆ ಕಾಣದೆ ಪರದೆ ನೋಡಿ ಮಾಡುವ ಕೆಲಸ, ಕೈ ಪಳಗಿರಲೇಬೇಕು. ಅವರು ಬೇಸರ ಮಾಡಿಕೊಳ್ಳಲಿಲ್ಲ, ಲೆಕ್ಕ ಹೇಳಿದರು. ಇನ್ಶೂರೆನ್ಸ್‌ನವರಿಗೆ ಕಾಗದ ಬರೆಯುವಾಗ ನೋವು, ನಡೆಯಲು ತೊಂದರೆ, ಎಕ್ಸ್‌ರೇ ಕೋನ ಎಲ್ಲಾ ಬರೆಸಿಕೊಳ್ಳಿ. ಇಲ್ಲದಿದ್ದರೆ ಅಂದಕ್ಕಾಗಿ ಮಾಡಿಸಿದ್ದು ಎಂದು ತಳ್ಳಿಹಾಕುತ್ತಾರೆ. ಸ್ಕ್ರೂಗಳ ಬೆಲೆ ಬಿಲ್ಲಿನಲ್ಲಿ ಬೇರೆಯಾಗಿ ಬರುತ್ತದೆ, ಮೊದಲೇ ಕೇಳಿ.

---

ಹುಬ್ಬಳ್ಳಿ_ಅಕ್ಕ
ಜನವರಿ 15, ರಾತ್ರಿ 9:00

ತಂಗಿ, ಮನೆಯಲ್ಲಿ ಯಾರಿದ್ದಾರೆ? ಬಚ್ಚಲು ಒಳಗಿದೆಯಾ ಹೊರಗಿದೆಯಾ? ಕಮೋಡ್ ಇದೆಯಾ? ಇದನ್ನು ಯಾವ ಡಾಕ್ಟರೂ ಕೇಳುವುದಿಲ್ಲ.

---

ತೀರ್ಥಹಳ್ಳಿ_ಟೀಚರ್
ಜನವರಿ 15, ರಾತ್ರಿ 10:20

ಅಕ್ಕಾ, ನಾನು, ಯಜಮಾನರು, ಅತ್ತೆ. ಮಗಳು ಪುಣೆಯಲ್ಲಿ. ಬಚ್ಚಲು ಹಿತ್ತಿಲ ಕಡೆ, ಮೂರು ಮೆಟ್ಟಿಲು ಇಳಿಯಬೇಕು. ಕಮೋಡ್ ಮಹಡಿಯಲ್ಲಿ ಮಾತ್ರ. ನೀವು ಕೇಳಿದ ಮೇಲೆ ಹೋಗಿ ಆ ಮೆಟ್ಟಿಲ ಮುಂದೆ ನಿಂತು ನೋಡಿದೆ. ಇಪ್ಪತ್ತಾರು ವರ್ಷದಿಂದ ದಿನಾ ಇಳಿಯುತ್ತಿದ್ದೇನೆ, ಹಿಡಿಯಲು ಏನೂ ಇಲ್ಲ ಎಂದು ಇವತ್ತು ಕಂಡಿತು.

---

ತೀರ್ಥಹಳ್ಳಿ_ಟೀಚರ್
ಫೆಬ್ರವರಿ 8, ಸಂಜೆ 5:30

ಎಲ್ಲರಿಗೂ ಹೇಳದೆ ಇದ್ದರೆ ತಪ್ಪಾಗುತ್ತದೆ.

ಶಿವಮೊಗ್ಗಕ್ಕೆ ಮತ್ತೆ ಹೋದೆ. ನಿಮ್ಮ ಪ್ರಶ್ನೆಗಳನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಡಾಕ್ಟರು ಪುಸ್ತಕ ತೆಗೆದುಕೊಂಡು ಒಂದೊಂದಾಗಿ ಓದಿ ಉತ್ತರ ಹೇಳಿದರು. ಮೂಳೆ ಆಡಿಸಿ ನೋಡಿದರು, ಎಡಗಾಲಿನ ಜೊತೆ ಹೋಲಿಸಿಯೂ ನೋಡಿದರು. ಸಡಿಲ ಅನ್ನುವಷ್ಟು ಇಲ್ಲ ಎಂದರು. ಬೆರಳಿನ ಕೀಲು ಸವೆದಿಲ್ಲ. ಹಾಗಾಗಿ ಲ್ಯಾಪಿಡಸ್ ಬೇಡ ಎಂದು ನನಗೂ ಸಮಾಧಾನವಾಯಿತು. ಜಡ್ಡು ಕಟ್ಟಿರುವ ಎರಡನೇ ಬೆರಳಿಗೆ ಬೇರೆ ಏನಾದರೂ ಮಾಡಬೇಕಾ ಎಂದು ಕೇಳಿದೆ. ಮೊದಲು ಹೆಬ್ಬೆರಳು ಭಾರ ಹೊರಲಿ, ಎಷ್ಟೋ ಸಲ ತಾನೇ ಕಡಿಮೆ ಆಗುತ್ತದೆ, ಆಗದಿದ್ದರೆ ಆಮೇಲೆ ನೋಡೋಣ ಎಂದರು.

ಸಣ್ಣ ತೂತಿನದು ಮನಸ್ಸಿನಲ್ಲಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬೆಂಗಳೂರು ಇಲ್ಲಿಂದ ಸುಮಾರು 350 ಕಿಲೋಮೀಟರ್. ಡ್ರೆಸಿಂಗ್, ಹೊಲಿಗೆ, ಎಕ್ಸ್‌ರೇ ಎಂದು ನಾಲ್ಕು ಸಲ ಆ ಕಾಲಿಟ್ಟುಕೊಂಡು ಹೋಗಿ ಬರುವುದು ನನ್ನಿಂದ ಆಗದು. ಶಿವಮೊಗ್ಗ 60. ಈ ಡಾಕ್ಟರು ಸ್ಕಾರ್ಫ್ ಹಲವು ವರ್ಷದಿಂದ ಮಾಡುತ್ತಿದ್ದಾರೆ, ಸಣ್ಣ ತೂತಿನದು ತಾನು ಮಾಡುವುದಿಲ್ಲ ಎಂದು ಅವರೇ ಹೇಳಿದರು. ಆ ಮಾತು ಕೇಳಿದ ಮೇಲೆ ಅವರ ಮೇಲೆ ನಂಬಿಕೆ ಇನ್ನೂ ಜಾಸ್ತಿ ಆಯಿತು.

ಏಪ್ರಿಲ್ 13ಕ್ಕೆ ದಿನ ಕೊಟ್ಟಿದ್ದಾರೆ. ಬಲಗಾಲು ಮಾತ್ರ. ಮಳೆಗಾಲ ಹಿಡಿಯುವಷ್ಟರಲ್ಲಿ ಗಾಯ ಒಣಗಿರುತ್ತದೆ. ನಮ್ಮ ಅಂಗಳದಲ್ಲಿ ಜೂನಿನಿಂದ ಪಾಚಿ, ಒಳ್ಳೆಯ ಕಾಲಿಟ್ಟುಕೊಂಡೇ ಜಾರುತ್ತದೆ. ಹೆಡ್‌ಮಾಸ್ಟರು ಕುರ್ಚಿಗೆ ಒಪ್ಪಿದ್ದಾರೆ. ಜೂನಿಗೆ ಒಂಬತ್ತನೇ ತರಗತಿಯನ್ನು ನೆಲ ಅಂತಸ್ತಿಗೆ ತರುತ್ತಾರಂತೆ.

ಬಚ್ಚಲಿನ ಮೆಟ್ಟಿಲಿಗೆ ಯಜಮಾನರು ನಿನ್ನೆ ಸ್ಟೀಲ್ ಪೈಪಿನ ಕಂಬಿ ಹಾಕಿಸಿದರು. ಅತ್ತೆ ಮೊದಲು ಹಿಡಿದು ಇಳಿದರು, "ಇದನ್ನು ನನಗಾಗಿ ಎಷ್ಟೋ ಮೊದಲೇ ಹಾಕಿಸಬೇಕಿತ್ತು" ಎಂದರು.

ಜಯನಗರದ ಅಕ್ಕ, ಬೆರಳು ಆಡಿಸುವುದನ್ನು ದಿನಕ್ಕೆ ಎಷ್ಟು ಸಲ ಮಾಡಬೇಕಿತ್ತು, ಹೇಗೆ ಹಿಡಿಯಬೇಕು, ಸ್ವಲ್ಪ ಬಿಡಿಸಿ ಬರೆಯುತ್ತೀರಾ?

---

ಜಯನಗರ_4ನೇ_ಬ್ಲಾಕ್
ಫೆಬ್ರವರಿ 8, ರಾತ್ರಿ 8:15

ಖಂಡಿತ. ಡಾಕ್ಟರು ಶುರು ಮಾಡಿ ಎಂದ ಮೇಲೆಯೇ ಮಾಡಿ, ಅದಕ್ಕೆ ಮೊದಲು ಬೇಡ. ಕುರ್ಚಿ ಮೇಲೆ ಕೂತು ಬಲಗಾಲನ್ನು ಎಡ ಮಂಡಿ ಮೇಲೆ ಇಟ್ಟುಕೊಳ್ಳಿ. ಒಂದು ಕೈಯಲ್ಲಿ ಪಾದವನ್ನು ಗಂಟಿನ ಹಿಂದೆ ಗಟ್ಟಿಯಾಗಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಹೆಬ್ಬೆರಳನ್ನು ತುದಿಯಲ್ಲಿ ಅಲ್ಲ, ಬುಡದಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ, ಹತ್ತು ಎಣಿಸುವವರೆಗೆ. ಆಮೇಲೆ ಕೆಳಕ್ಕೆ. ನನಗೆ ಹತ್ತು ಸಲದಂತೆ ದಿನಕ್ಕೆ ಮೂರು ಹೊತ್ತು ಹೇಳಿದ್ದರು. ಎಳೆದ ಹಾಗೆ ಆಗುತ್ತದೆ, ಅದು ಸರಿ. ಚುಚ್ಚಿದ ಹಾಗೆ ಆದರೆ ನಿಲ್ಲಿಸಿ. ಏಪ್ರಿಲ್ 27ರ ಹೊತ್ತಿಗೆ ಹೊಲಿಗೆ ಬಿಚ್ಚುತ್ತಾರೆ ಅಲ್ವಾ? ಅವತ್ತು ಸಂಜೆ ಇಲ್ಲಿ ಬನ್ನಿ, ಮೊದಲ ದಿನದ್ದನ್ನು ಒಟ್ಟಿಗೆ ಮಾಡೋಣ.